ಡ್ಯಾಶ್‌ಬೋರ್ಡಿನ ಅತ್ತೆ

ಆ ಶಬ್ದಕ್ಕೆ ಅತ್ತೆ ಎಂದು ಹೆಸರಿಟ್ಟವಳು ಅವಳು.

ಕೆಳಸೇತುವೆಗೆ ಇಳಿಯುವ ತಿರುವಿನಲ್ಲಿ ಕಾರು ಒಂದು ಮಗ್ಗುಲಿಗೆ ವಾಲುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಹಿಂದೆಲ್ಲೋ ಉದ್ದನೆಯ ಗೊಣಗಾಟವೊಂದು ಏಳುತ್ತಿತ್ತು. ಹಲ್ಲಿಲ್ಲದ ಬಾಯಿಯ ಗೊಣಗಾಟ. ಸೇತುವೆ ದಾಟಿ ರಸ್ತೆ ನೆಟ್ಟಗಾದ ಮೇಲೆ ನಿಲ್ಲುತ್ತಿತ್ತು. ಆಮೇಲೆ ಕಾರ್ಖಾನೆಯ ಗೇಟಿನ ಮುಂದಿನ ಉಬ್ಬನ್ನು ಓರೆಯಾಗಿ ಹತ್ತುವಾಗ ಇನ್ನೊಂದು ಸಲ, ಈ ಬಾರಿ ಗಿಡ್ಡದಾಗಿ, ಹೇಳಬೇಕಾದದ್ದನ್ನು ಹೇಳಿ ಮುಗಿಸಿದವರ ಹಾಗೆ. ಅವಳು ಅವನ ಕಾರಿನಲ್ಲಿ ಬರತೊಡಗಿದ ಹೊಸತರಲ್ಲಿ ಒಂದು ಬೆಳಿಗ್ಗೆ, ಗೊಣಗಾಟ ಪೂರ್ತಿ ಮುಗಿಯುವವರೆಗೆ ಮರ್ಯಾದೆಯಿಂದ ಕಾದು, "ಏನಂತೆ ನಿಮ್ಮ ಅತ್ತೆಗೆ?" ಎಂದು ಕೇಳಿದಳು.

"ನನಗೆ ಮದುವೆ ಆಗಿಲ್ಲ," ಎಂದ ಅವನು.

"ಗೊತ್ತು. ಮದುವೆ ಇಲ್ಲದೆ ಅತ್ತೆ ಸಿಕ್ಕಿದ್ದು ನಿಮ್ಮೊಬ್ಬರಿಗೇ ಇರಬೇಕು."

ಅವನಿಗೆ ನಗು ಬರುವುದು ತಡ. ಗೇಟಿನ ಉಬ್ಬಿನ ಮೇಲೆ ಕಾರು ಎರಡನೆಯ ಸಲ ಗೊಣಗಿದಾಗ ನಕ್ಕ. ಕಾವಲಿನವನು ಬಗ್ಗಿ ನೋಡಿದ. ಕಿವಿಯಣ್ಣ ನಗುವುದನ್ನು ಅವನು ಕಂಡಿರಲಿಲ್ಲ.

ಕಾರ್ಖಾನೆಯಲ್ಲಿ ಅವನಿಗೆ ಅದೇ ಹೆಸರು. ಅಲ್ಲಿ ಬಟ್ಟೆ ಒಗೆಯುವ ಯಂತ್ರಗಳನ್ನು ಮಾಡುತ್ತಾರೆ. ಕಟ್ಟಡದ ಒಂದು ತುದಿಯಲ್ಲಿ ಗೋಡೆ, ಛಾವಣಿ, ಬಾಗಿಲಿನ ಒಳಮೈಗೆಲ್ಲ ದಪ್ಪ ಹೊದಿಕೆ ಹೊದಿಸಿದ ಕೋಣೆಯಿದೆ. ಸಾಲಿನಿಂದ ಆರಿಸಿದ ಯಂತ್ರವನ್ನು ಅದರೊಳಗೆ ತಂದು ನಿಲ್ಲಿಸುತ್ತಾರೆ. ಒಳಗೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಾರೆ, ಸಾವಿನ ಮನೆಗೆ ಬಂದವರಂತೆ. ಅವರು ಹೊರಗೆ ಹೋದ ಮೇಲೆ ಬಾಗಿಲು ಮುಚ್ಚುತ್ತದೆ; ಯಂತ್ರ ತಿರುಗುತ್ತದೆ; ಅವನು ಕೂತು ಕೇಳುತ್ತಾನೆ. ಅಳೆಯುವುದಕ್ಕೆ ಮೀಟರು ಇದೆ. ಆದರೆ ಶಬ್ದ ಎಷ್ಟಿದೆ ಎಂದು ಮೀಟರಿಗೆ ಗೊತ್ತು, ಎಂಥದ್ದು ಎಂದು ಗೊತ್ತಿಲ್ಲ. ಬೇರಿಂಗು ಸವೆದಿದೆಯೋ, ಸ್ಕ್ರೂ ಸಡಿಲವಿದೆಯೋ, ತಗಡು ತಗಡಿಗೆ ತಿಕ್ಕುತ್ತಿದೆಯೋ, ಅದನ್ನು ಅವನು ಹೇಳುತ್ತಾನೆ. ಕೊನೆಗೆ ಹೇಳಬೇಕಾದದ್ದು ಎರಡೇ ಮಾತು: ಸರಿ, ಇಲ್ಲವೇ ದೋಷ. ಮೂರನೆಯದು ಇಲ್ಲ.

ಈ ಅಭ್ಯಾಸ ಮನೆಗೂ ಬಂದಿತ್ತು. ಫ್ರಿಜ್ಜಿನ ಕಾಲಿಗೆ ರಟ್ಟು ಮಡಿಸಿಟ್ಟು ಅದರ ಗುಂಯ್‌ಗುಡುವಿಕೆ ನಿಲ್ಲಿಸಿದ್ದ. ನಲ್ಲಿಗಳ ವಾಷರು ಬದಲಿಸಿದ್ದ. ಬಾಗಿಲಿನ ಕೀಲುಗಳಿಗೆ ಎಣ್ಣೆ. ಗೋಡೆ ಗಡಿಯಾರವನ್ನು ಅಕ್ಕನ ಮನೆಗೆ ಕೊಟ್ಟುಬಿಟ್ಟಿದ್ದ. ಸದ್ದು ಮಾಡುವುದನ್ನೆಲ್ಲ ಒಂದೊಂದಾಗಿ ಸರಿಮಾಡಿ, ಕೊನೆಗೆ ಆ ಮನೆಯಲ್ಲಿ ಸದ್ದು ಮಾಡಲು ತಾನೊಬ್ಬನೇ ಉಳಿದಿದ್ದ. ಅವನೂ ಹೆಚ್ಚು ಮಾಡುತ್ತಿರಲಿಲ್ಲ.

ಅವಳು ಅದೇ ಕಾರ್ಖಾನೆಯಲ್ಲಿ ಕೈಪಿಡಿ ಬರೆಯುವವಳು. ಯಂತ್ರದ ಜೊತೆ ಬರುತ್ತದಲ್ಲ, ಕೊಂಡವರು ಬಿಚ್ಚದೆ ಡ್ರಾಯರಿನಲ್ಲಿ ಇಡುವ ಪುಸ್ತಿಕೆ, ಅದನ್ನು ಯಾರೋ ಬರೆಯುತ್ತಾರೆ. ಬಸ್ಸಿನವರು ಮುಷ್ಕರ ಹೂಡಿದ ಒಂದು ದಿನ ಅವಳು ನಿಲ್ದಾಣದಲ್ಲಿ ನಿಂತಿದ್ದಳು. ಕಾರ್ಖಾನೆಯ ಗುರುತಿನ ಪಟ್ಟಿ ಕೊರಳಲ್ಲಿ ಕಂಡು ಅವನು ಕಾರು ನಿಲ್ಲಿಸಿದ. ಮುಷ್ಕರ ಮುಗಿದ ಮೇಲೂ ಅವಳು ಅದೇ ಜಾಗದಲ್ಲಿ, ನಿಲ್ದಾಣದಿಂದ ಒಂದು ಹೆಜ್ಜೆ ಆಚೆ, ನಿಲ್ಲುತ್ತಿದ್ದಳು. ಇಬ್ಬರೂ ಆ ಬಗ್ಗೆ ಏನೂ ಮಾತಾಡಲಿಲ್ಲ.

ಅತ್ತೆ ಹುಟ್ಟಿದ ಮೇಲೆ ಮಾತು ಸಲೀಸಾಯಿತು. ಇಬ್ಬರೂ ರಸ್ತೆ ನೋಡುತ್ತ, ಒಬ್ಬರಿಗೊಬ್ಬರು ಹೇಳಲಾಗದ್ದನ್ನು ಡ್ಯಾಶ್‌ಬೋರ್ಡಿಗೆ ಹೇಳುತ್ತಿದ್ದರು. ಅವನು ತಡವಾಗಿ ಬಂದರೆ ಅತ್ತೆ ದಾರಿಯುದ್ದಕ್ಕೂ ಬೈಯುತ್ತಿದ್ದರು ಎನ್ನುತ್ತಿದ್ದಳು. ಚಳಿಯಿದ್ದ ದಿನ ಅತ್ತೆಗೆ ಮಂಡಿನೋವು. ಕೆಲವೊಮ್ಮೆ ಕೈಪಿಡಿಯ ದನಿ ತೆಗೆಯುತ್ತಿದ್ದಳು: "ಎಚ್ಚರಿಕೆ. ಅತ್ತೆಯನ್ನು ಒದ್ದೆ ಕೈಯಿಂದ ಮುಟ್ಟಬೇಡಿ. ಅತ್ತೆ ತಿರುಗುತ್ತಿರುವಾಗ ಮುಚ್ಚಳ ತೆರೆಯಬೇಡಿ." ಅವನೂ ಒಂದೊಂದು ಮಾತು ಸೇರಿಸತೊಡಗಿದ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಅತ್ತೆಯ ಬಗ್ಗೆ ಒಂದು ಮಾತು ಹೊಂದಿಸಿಕೊಳ್ಳುತ್ತಿದ್ದ. ಒಮ್ಮೊಮ್ಮೆ ಎರಡು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು.

ಅವಳ ಬದುಕು ಅವನಿಗೆ ತಿಳಿದದ್ದೂ ಹಾಗೆಯೇ, ತಿರುವಿಗೊಂದು ತುಣುಕು. "ಕೇಳಿ ಅತ್ತೆ, ನಿನ್ನೆ ನಮ್ಮ ಮನೆ ಓನರಮ್ಮ..." ಎಂದು ಶುರುಮಾಡುತ್ತಿದ್ದಳು. ಒಂದು ದಿನ, ಕಾರು ಸೇತುವೆಯ ಕೆಳಗಿನ ಕತ್ತಲಿನಲ್ಲಿದ್ದಾಗ, "ನನ್ನ ಹಳೇ ಅತ್ತೆ ನಿಮ್ಮಷ್ಟು ಒಳ್ಳೆಯವರಾಗಿರಲಿಲ್ಲ ಬಿಡಿ," ಎಂದಳು. ಅವಳಿಗೆ ಮದುವೆಯಾಗಿತ್ತು, ಈಗ ಇಲ್ಲ ಎಂಬುದು ಅವನಿಗೆ ಗೊತ್ತಾದದ್ದು ಆಗ. ಕಾರೇ ಇನ್ನಷ್ಟು ಗೊಣಗಿ ಅವನ ಪರವಾಗಿ ಉತ್ತರ ಕೊಟ್ಟಿತು.

ಈ ಕಾರನ್ನು ಅವನು ಕೊಂಡದ್ದು ಭಾವನಿಂದ. ಕೊಂಡ ದಿನವೇ ಆ ಶಬ್ದ ಕೇಳಿಸಿತ್ತು, ಸರಿಮಾಡಿಸಬೇಕು ಎಂದುಕೊಂಡಿದ್ದ. ಅವಳು ಬಂದ ಮೇಲೆ ಮರೆತುಬಿಟ್ಟ. ಶಬ್ದವೊಂದನ್ನು ಅವನು ಮರೆತದ್ದು ಅದೇ ಮೊದಲು.

ನೆನಪಾದದ್ದು ಅವಳಿಗೆ ತಲೆನೋವಿದ್ದ ಬೆಳಿಗ್ಗೆ. ಅವಳು ಹತ್ತಿ ಕೂತವಳೇ ಕಣ್ಣು ಮುಚ್ಚಿ ಹಣೆಯನ್ನು ಅಂಗೈಯಿಂದ ಒತ್ತಿಕೊಂಡಿದ್ದಳು. ಕಾರು ತಿರುವಿನಲ್ಲಿ ವಾಲಿತು, ಗೊಣಗಿತು. ಅವಳು ಕಣ್ಣು ತೆರೆಯಲಿಲ್ಲ, ನಗಲಿಲ್ಲ. "ಇವತ್ತೊಂದಿನ ಸುಮ್ಮನಿರಿ ಅತ್ತೆ," ಎಂದಳು.

ಅಷ್ಟೇ. ಬೇರೆ ಯಾರಾದರೂ ಅದನ್ನು ತಲೆನೋವು ಎಂದುಕೊಳ್ಳುತ್ತಿದ್ದರು. ಸುಮ್ಮನಿರು ಎಂದು ಒಬ್ಬ ಮನುಷ್ಯ ಒಂದು ಶಬ್ದಕ್ಕೆ ಹೇಳಿದರೆ, ಅವನ ಕೋಣೆಯಲ್ಲಿ ಅದಕ್ಕಿದ್ದದ್ದು ಒಂದೇ ಹೆಸರು: ದೋಷ. ಇಷ್ಟು ದಿನದ ತಮಾಷೆಯೆಲ್ಲ ದಾಕ್ಷಿಣ್ಯಕ್ಕೆ ಇರಬೇಕು, ಪುಕ್ಕಟೆ ಕೂತು ಬರುವವಳು ಕಾರನ್ನು ಹೇಗೆ ದೂರಿಯಾಳು, ನಗೆಯಾಗಿ ಹೇಳುತ್ತಿದ್ದಳು, ತನಗೆ ತಿಳಿಯಲಿಲ್ಲ ಎಂದುಕೊಂಡ. ಆ ದಿನ ಹೊದಿಕೆಯ ಕೋಣೆಯಲ್ಲಿ ಮೂರು ಯಂತ್ರ ಕೇಳಿದ. ಮೂರರಲ್ಲೂ ಡ್ಯಾಶ್‌ಬೋರ್ಡು ಗೊಣಗುತ್ತಿತ್ತು.

ಮೆಕ್ಯಾನಿಕ್ಕನಿಗೆ ಗಿರಾಕಿಗಳು ಇಟ್ಟ ಹೆಸರು ನಿಧಾನಪ್ಪ. ಅವನ ಶೆಡ್ಡು ಟೈರಿನಂಗಡಿಯ ಹಿಂದಿತ್ತು. ಬಾನೆಟ್ಟು ಎತ್ತಿ, ಅದರೊಳಗೆ ಬಹಳ ಹೊತ್ತು ನೋಡಿ, ಬಟ್ಟೆಗೆ ಕೈ ಒರೆಸಿಕೊಂಡು, ಮೂಲೆಯಲ್ಲಿದ್ದ ಖಾಲಿ ರಟ್ಟಿನ ಚಪ್ಪಲಿ ಡಬ್ಬಿ ತಂದ. ಮುಚ್ಚಳ ತೆಗೆದು ಡಬ್ಬಿಯನ್ನು ಎರಡೂ ತುದಿ ಹಿಡಿದು ತಿರುಚಿದ. ಅದು ಹೇಳಿದಂತೆ ತಿರುಚಿಕೊಂಡಿತು. ನಿಮ್ಮ ಕಾರೂ ಹೀಗೇ ಎಂದ. ಮುಂದಿನ ಎರಡು ಚಕ್ರಗಳ ಮೇಲೆ ಎರಡು ಸ್ಪ್ರಿಂಗು ಇರುತ್ತವೆ, ಅವುಗಳ ತಲೆಗಳು ಇಲ್ಲಿ ಬಾನೆಟ್ಟಿನ ಅಡಿ ಬಂದು ಕೂತಿರುತ್ತವೆ. ತಿರುವಿನಲ್ಲಿ ಒಂದು ತಲೆ ಈ ಕಡೆ ತಳ್ಳುತ್ತದೆ, ಇನ್ನೊಂದು ಆ ಕಡೆ. ನಡುವಿನ ತಗಡು ಬಳುಕುತ್ತದೆ, ಬಳುಕಿದಾಗ ಗೊಣಗುತ್ತದೆ. ಹಳೇ ಕಾರು. ಸಹಜ.

ಎರಡು ತಲೆಗಳನ್ನೂ ಸೇರಿಸಿ ಎಂಜಿನ್ನಿನ ಮೇಲೆ ಅಡ್ಡಕ್ಕೆ ಒಂದು ಕಬ್ಬಿಣದ ಸರಳು ಬಿಗಿಯುತ್ತಾರಲ್ಲ, ಸ್ಟ್ರಟ್ ಬಾರ್ ಅಂತ, ಅದನ್ನು ಹಾಕಿದರೆ ಹೇಗೆ ಎಂದು ಅವನು ಕೇಳಿದ. ಓದಿಕೊಂಡು ಬಂದಿದ್ದ.

ನಿಧಾನಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ರೇಸಿಗೆ ಹೋಗ್ತಿದೀರಾ ಸಾರ್?"

"ಇಲ್ಲ. ಆಫೀಸಿಗೆ."

"ಹಾಗಾದ್ರೆ ಯಾಕೆ? ಏನೂ ಬೀಳಲ್ಲ, ಏನೂ ಮುರಿಯಲ್ಲ. ಇನ್ನೂ ಎಷ್ಟೋ ವರ್ಷ ಹೀಗೇ ಗೊಣಗಿಕೊಂಡು ಓಡುತ್ತೆ, ನಮ್ಮಪ್ಪ ಇದ್ದಾರಲ್ಲ ಹಾಗೆ. ಸ್ವಲ್ಪ ಬಳುಕು ಇರಬೇಕು ಸಾರ್, ಕಾರಾದ್ರೂ ಅಷ್ಟೇ, ಮನುಷ್ಯನಾದ್ರೂ ಅಷ್ಟೇ. ಬಿಗಿದುಬಿಟ್ರೆ ಗುಂಡಿಯ ಪೆಟ್ಟು ನೇರ ಬೆನ್ನಿಗೆ ಬರುತ್ತೆ."

ಶಬ್ದ ಹೋಗುತ್ತದೆಯೋ ಇಲ್ಲವೋ ಅಷ್ಟು ಹೇಳಿ ಎಂದ ಅವನು. ಹೋಗಬಹುದು, ನಿಧಾನವಾಗಿ ಯೋಚನೆ ಮಾಡಿ ಬನ್ನಿ ಎಂದು ನಿಧಾನಪ್ಪ ಬಾನೆಟ್ಟು ಮುಚ್ಚಿದ.

ಯೋಚನೆ ಮಾಡಿದ. ಅಕ್ಕ ಫೋನು ಮಾಡಿದಾಗ ಅವಳಿಗೂ ಹೇಳಿದ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂದಳು ಅಕ್ಕ. ಓಬೀರಾಯನ ಕಾಲದ ಕಾರಿಗೆ ಸೊಂಟಪಟ್ಟಿ ಕಟ್ಟುವ ಮೊದಲು ಮನೆಗೆ ಇನ್ನೊಂದು ಕುರ್ಚಿ ತರಬಾರದೇ, ಹಿಂದಿನ ಸಲ ಬಂದಾಗ ನಿಮ್ಮ ಭಾವ ಮಂಚದ ಮೇಲೆ ತಟ್ಟೆ ಇಟ್ಟುಕೊಂಡು ತಿಂದರು. ಕೂರುವವರು ಯಾರಿದ್ದಾರೆ ಎಂದು ಇವನು ಕೇಳಿದ. ಕುರ್ಚಿ ಇದ್ದರೆ ತಾನೇ ಯಾರಾದರೂ ಕೂರುವುದು ಎಂದಳು. ಅವನು ತಡವರಿಸಿ, ತನಗಲ್ಲ, ಜೊತೆಗೆ ಬರುವವರಿಗೆ ತೊಂದರೆಯಾಗುತ್ತಿದೆ ಎಂದುಬಿಟ್ಟ. ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಯಾರೋ ಅದು ಜೊತೆಗೆ ಬರೋರು?"

"ಆಫೀಸಿನವರು."

"ಗಂಡಸಾ, ಹೆಂಗಸಾ?"

"ಅಕ್ಕಾ, ಸೇತುವೆ ಬಂತು, ಗಾಡಿ ಓಡಿಸ್ತಿದೀನಿ, ಇಡ್ತೀನಿ," ಎಂದ. ಮನೆಯ ಒಂದೇ ಕುರ್ಚಿಯಲ್ಲಿ ಕೂತಿದ್ದ.

ಆಮೇಲೆ ಅವನಿಗೆ ಹೊಳೆದದ್ದು ಇದು: ಆ ಶಬ್ದವನ್ನು ತಾನು ಕೇಳಿರುವುದೆಲ್ಲ ಚಾಲಕನ ಜಾಗದಿಂದ. ಅವಳ ಜಾಗದಲ್ಲಿ ಹೇಗೆ ಕೇಳುತ್ತದೆ? ಯಂತ್ರವೊಂದನ್ನು ಒಂದೇ ಮಗ್ಗುಲಿನಿಂದ ಕೇಳಿ ತೀರ್ಪು ಕೊಡುವುದು ಅವನ ಕೆಲಸದಲ್ಲಿ ದೊಡ್ಡ ತಪ್ಪು. ಆದರೆ ಅವಳ ಸೀಟಿನಲ್ಲಿ ಕೂತರೆ ಕಾರು ಓಡಿಸುವವರು ಬೇಕು. ಹಾಗೆ ಕೇಳಬಹುದಾದವರನ್ನು ಮನಸ್ಸಿನಲ್ಲಿ ಹುಡುಕಿದ. ಹುಡುಕಾಟ ಬೇಗ ಮುಗಿಯಿತು. ಮತ್ತೆ ಶೆಡ್ಡಿಗೆ ಹೋಗಿ ನಿಧಾನಪ್ಪನನ್ನೇ ಕರೆದ.

ನಿಧಾನಪ್ಪ ಓಡಿಸಿದ, ಅವನು ಪಕ್ಕದಲ್ಲಿ ಕೂತ. ಅವಳ ಸೀಟು ಅವನ ಸೀಟಿಗಿಂತ ಮುಂದಕ್ಕಿತ್ತು, ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ಹಿಂದೆ ಸರಿಸಬೇಕೆನಿಸಲಿಲ್ಲ, ಅವಳು ಕೂರುವ ಹಾಗೆಯೇ ಕೂತ. ಈ ಕಡೆಯಿಂದ ಊರು ಬೇರೆಯಾಗಿತ್ತು. ಅಂಗಡಿಗಳ ಬಾಗಿಲು ಹತ್ತಿರ, ಕಾಲುದಾರಿಯ ಜನರ ಮುಖ ಇನ್ನೂ ಹತ್ತಿರ. ತಿರುವು ಬಂತು. ಶಬ್ದ ಎದ್ದದ್ದು ಅವನ ಮಂಡಿಯ ಮುಂದೆಯೇ, ತಗಡಿನ ಒಂದು ಪದರದ ಆಚೆ. ಕಾಲಿನ ಮೂಳೆಗೆ ಇಳಿಯಿತು. ಇಷ್ಟು ತಿಂಗಳು ಅವಳು ಇದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳೇ ಎಂದು ಅವನಿಗೆ ಮುಖ ಬಿಸಿಯಾಯಿತು.

"ಹಾಕಿಬಿಡಿ," ಎಂದ ನಿಧಾನಪ್ಪನಿಗೆ.

"ಮೇಡಂ ಕೂರೋ ಸೀಟಾ ಸಾರ್ ಇದು?"

ಅವನು ಕಿಟಕಿಯಾಚೆ ನೋಡಿದ. ನಿಧಾನಪ್ಪ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಅವನು ಏನು ಹೇಳುತ್ತಿದ್ದನೋ. ಅವರನ್ನೇ ಒಂದು ಮಾತು ಕೇಳಿ ನೋಡಿ ಎಂದು ನಿಧಾನಪ್ಪನೂ ಹೇಳಲಿಲ್ಲ. ಶಬ್ದದ ವಿಷಯದಲ್ಲಿ ಈ ಮನುಷ್ಯನಿಗೆ ಹೇಳುವುದೇನಿದೆ ಎಂದುಕೊಂಡಿರಬೇಕು.

ಸರಳು ಬಿಗಿಯುವ ಕೆಲಸಕ್ಕೆ ಒಂದು ಶನಿವಾರ ಸಾಕಾಯಿತು. ಕಾರನ್ನು ಜಾಕಿನ ಮೇಲೆ ಎತ್ತಿ ಬಿಗಿಯಬಾರದಂತೆ. ಚಕ್ರಗಳು ನೆಲದಲ್ಲಿರಬೇಕು, ನೆಲ ಸಮವಾಗಿರಬೇಕು, ಕಾರು ತನ್ನ ಭಾರವನ್ನು ತಾನೇ ಹೊತ್ತು ನಿಂತಾಗ ಇರುವ ಆಕಾರದಲ್ಲೇ ಕಟ್ಟಬೇಕು. ಇಲ್ಲದಿದ್ದರೆ ಸೊಟ್ಟವನ್ನೇ ಬಿಗಿದ ಹಾಗಾಗುತ್ತದೆ. ನಿಧಾನಪ್ಪ ನೀರುಮಟ್ಟ ಇಟ್ಟು ನೆಲ ನೋಡಿದ. ಕೈಹಾಕಿದ ಮೇಲೆ ಅರೆಬರೆ ಮಾಡುವ ಆಳಲ್ಲ. ಸ್ಪ್ರಿಂಗಿನ ತಲೆಗಳ ಹಳೆಯ ಬೋಲ್ಟುಗಳನ್ನೆಲ್ಲ ತೆಗೆದು ಹೊಸತು ಹಾಕಿದ, ತುಕ್ಕು ಕೆರೆದ, ತಗಡು ಕೂಡುವಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು, ಅದಕ್ಕೆ ವೆಲ್ಡಿಂಗು ಮಾಡಿದ. ಕೊನೆಗೆ ಸರಳು ಎಂಜಿನ್ನಿನ ಮೇಲೆ ಅಡ್ಡಡ್ಡ ಮಲಗಿತು, ಹೊಸದಾಗಿ, ಆ ಹಳೆಯ ಗೂಡಿನಲ್ಲಿ ಸ್ವಲ್ಪ ನಾಚಿಕೆ ಬರುವಷ್ಟು ಹೊಳೆಯುತ್ತ.

ಅವನು ತಿರುವಿಗೆ ಹೋದ. ಏನೂ ಇಲ್ಲ. ಮತ್ತೊಮ್ಮೆ ಹೋದ, ವೇಗವಾಗಿ. ಏನೂ ಇಲ್ಲ. ಕಾರು ಹೇಳಿದಲ್ಲಿಗೆ ಹೇಳಿದಂತೆ ತಿರುಗಿತು. ಸರಿ, ಎಂದ ಗಟ್ಟಿಯಾಗಿ. ಬಹಳ ದಿನಕ್ಕೆ ಅವನು ಯಾರಿಗೋ ಏನೋ ತಂದುಕೊಡುತ್ತಿದ್ದ. ಭಾನುವಾರ ಕಳೆಯುವುದು ಕಷ್ಟವಾಯಿತು.

ಸೋಮವಾರ ಅವಳು ಹತ್ತಿದಳು. ಮನೆ ಓನರಮ್ಮನ ಬೆಕ್ಕು ಮರಿ ಹಾಕಿದ್ದನ್ನು ಹೇಳುತ್ತಿದ್ದಳು. ಬೆಕ್ಕು ಅವನ ಕಿವಿಗೆ ಬೀಳಲಿಲ್ಲ, ತಿರುವಿಗಾಗಿ ಕಾಯುತ್ತಿದ್ದ. ಕಾರು ವಾಲಿತು. ಅವಳು ಅರ್ಧದಲ್ಲಿ ಮಾತು ನಿಲ್ಲಿಸಿ, ರೂಢಿಯಂತೆ, ಗೊಣಗಾಟಕ್ಕೆ ಜಾಗ ಬಿಟ್ಟಳು. ಆ ಜಾಗ ಖಾಲಿಯಾಗಿ ಉಳಿಯಿತು. ಸೇತುವೆಯ ಕತ್ತಲು ಬಂದು ಹೋಯಿತು.

"ಅತ್ತೆ ಎಲ್ಲಿ?" ಎಂದಳು.

"ತೆಗೆಸಿಬಿಟ್ಟೆ," ಎಂದ ಅವನು. ಸರಳಿನ ಬಗ್ಗೆ, ತಗಡಿನ ಬಗ್ಗೆ, ಚಪ್ಪಲಿ ಡಬ್ಬಿಯ ಬಗ್ಗೆ ಹೇಳಿದ. ಅವಳ ಜಾಗದಲ್ಲಿ ಕೂತು ಕೇಳಿದ್ದನ್ನು ಮಾತ್ರ ಹೇಳಲಿಲ್ಲ.

ಅವಳು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವರಂತೆ. ಆಮೇಲೆ ನಕ್ಕಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ಒಳ್ಳೇದಾಯ್ತು ಬಿಡಿ, ಈಗ ಹಾಯಾಗಿದೆ." ಆ ನಗು ಹೊರಟ ಜಾಗ ಯಾವುದೆಂದು ಅವನಿಗೆ ಪತ್ತೆಯಾಗಲಿಲ್ಲ. ಗೇಟಿನ ಉಬ್ಬನ್ನು ಕಾರು ಮಾತಿಲ್ಲದೆ ಹತ್ತಿತು. ಬೆಕ್ಕಿನ ಕಥೆ ಮುಗಿದಿರಲಿಲ್ಲ. ಅವಳು ಮುಗಿಸಲಿಲ್ಲ, ಅವನು ಕೇಳಲಿಲ್ಲ.

ಮರುದಿನದಿಂದ ಕಾರಿನಲ್ಲಿ ಎಲ್ಲವೂ ಕೇಳತೊಡಗಿತು. ಸೀಟುಪಟ್ಟಿಯ ಬಕಲ್ಲು. ಅವಳ ಚೀಲದೊಳಗೆ ಫೋನು ನಡುಗುವುದು. ಬೆಳಗಿನ ಹೊತ್ತಿನ ಖಾಲಿ ಹೊಟ್ಟೆಯ ಗುರುಗುಟ್ಟುವಿಕೆ, ಅವಳದೋ ತನ್ನದೋ. ಇಬ್ಬರೂ ಕೇಳಿಸಿಯೂ ಕೇಳಿಸದವರಂತೆ ಹೊರಗೆ ನೋಡಿದರು. ಅವನು ಉಗುಳು ನುಂಗುವುದನ್ನು ಸಿಗ್ನಲ್ಲಿನವರೆಗೆ ತಡೆಹಿಡಿಯುತ್ತಿದ್ದ. ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮಾತಾಡುವ ಮುಂಚೆ ಅವಳು ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಾಳೆ ಎಂಬುದು ಅವನಿಗೆ ಈಗ ಗೊತ್ತಾಯಿತು. ಉಸಿರು ಎಳೆದುಕೊಳ್ಳುತ್ತಿದ್ದಳು, ಅವನು ಕಾಯುತ್ತಿದ್ದ, ಅವಳು ಯಾವ ಮಾತೂ ಇಲ್ಲದೆ ಮೆಲ್ಲಗೆ ಅದನ್ನು ಹೊರಗೆ ಬಿಡುತ್ತಿದ್ದಳು.

ಅತ್ತೆಯ ಬಗ್ಗೆ ಮಾತಾಡುವಂತಿಲ್ಲ, ಸತ್ತವರನ್ನು ಆಡಿಕೊಂಡ ಹಾಗೆ. ಒಬ್ಬರಿಗೊಬ್ಬರು ನೇರವಾಗಿ ಹೇಳಿಕೊಳ್ಳುವುದು ಇಬ್ಬರಿಗೂ ಬಾರದು. ಉಳಿದದ್ದು ಕೆಲಸ ಹೇಗಿದೆ, ಇವತ್ತು ಸೆಖೆ, ಇವತ್ತು ಟ್ರಾಫಿಕ್ಕು. ಹೊದಿಕೆಯ ಕೋಣೆಯಲ್ಲಿ ಅವನು ಕೊನೆಗೂ ಇನ್ನೊಬ್ಬರನ್ನು ಕೂರಿಸಿಕೊಂಡಂತಾಗಿತ್ತು. ರೇಡಿಯೋ ಹಾಕಿ ನೋಡಿದ. ಯಾರೋ ಉತ್ಸಾಹದಿಂದ ಗೃಹಸಾಲದ ಬಗ್ಗೆ ಹೇಳುತ್ತಿದ್ದರು. ಅವಳು ಸ್ವಲ್ಪ ಹೊತ್ತು ಕೇಳಿ, "ಮೌನ ಬಂಗಾರ ಅಂತಾರೆ," ಎಂದಳು, "ಬಂಗಾರ ಕಾಯೋದು ಕಷ್ಟ ಅಂತ ಯಾರೂ ಹೇಳಲ್ಲ." ಅದು ಒಳ್ಳೆಯ ಮಾತಾಗಿತ್ತು. ಅವನು ಅದಕ್ಕೆ ಉತ್ತರ ಹುಡುಕುತ್ತಿರುವಾಗಲೇ ಗೇಟು ಬಂದುಬಿಟ್ಟಿತು.

ಆಮೇಲೆ ಅವಳು ಒಂದು ದಿನ ಬ್ಯಾಂಕಿಗೆ ಹೋಗಬೇಕಾಗಿತ್ತು, ಕಾಯಬೇಡಿ ಎಂದಳು. ಇನ್ನೊಂದು ದಿನ ದರ್ಜಿಯ ಹತ್ತಿರ. ಪ್ಯಾಕಿಂಗ್ ವಿಭಾಗದ ಗೆಳತಿಯೊಬ್ಬಳು ಅದೇ ಬಸ್ಸಿಗೆ ಬರುತ್ತಾಳಂತೆ, ಜೊತೆಯಾಗುತ್ತದಂತೆ. ಪ್ರತಿಯೊಂದನ್ನೂ ನಗುನಗುತ್ತ, ಕಾರಣ ಸಮೇತ ಹೇಳಿದಳು. ಒಂದು ವಾರ ಅವಳು ನಿಲ್ದಾಣದಿಂದ ಒಂದು ಹೆಜ್ಜೆ ಆಚೆ ನಿಲ್ಲಲಿಲ್ಲ, ನಿಲ್ದಾಣದಲ್ಲೇ ನಿಂತಿದ್ದಳು. ಅವನು ವೇಗ ತಗ್ಗಿಸಿದ. ಅವಳು ಕೈ ಬೀಸಿದಳು, ಹೋಗಿ ಎನ್ನುವಂತೆಯೂ ಇತ್ತು, ನಮಸ್ಕಾರದಂತೆಯೂ ಇತ್ತು. ಹಿಂದಿನ ಗಾಡಿಯವನು ಹಾರ್ನು ಹೊಡೆದ.

ಪಕ್ಕದ ಸೀಟು ಖಾಲಿಯಾದ ಮೇಲೆ ಕಾರು ಇನ್ನೂ ಚೆನ್ನಾಗಿ ಓಡಿತು.

ಅವನು ಶೆಡ್ಡಿಗೆ ಹೋಗಿ ಸರಳನ್ನು ಬಿಚ್ಚಿ ಎಂದ. ನಿಧಾನಪ್ಪ ಬಿಚ್ಚಿದ. ಇಬ್ಬರೂ ಕೂತು ತಿರುವಿಗೆ ಹೋದರು. ಕಾರು ವಾಲಿತು. ಏನೂ ಕೇಳಲಿಲ್ಲ. ಇನ್ನೊಮ್ಮೆ ಹೋದರು, ಗೇಟಿನಂಥ ಉಬ್ಬೊಂದನ್ನು ಹುಡುಕಿ ಓರೆಯಾಗಿ ಹತ್ತಿಸಿದರು. ನಿಧಾನಪ್ಪನಿಗೆ ಇವನಿಗೆ ಬೇಕಾದದ್ದೇನು ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಕಾರನ್ನು ರಸ್ತೆಯ ಬದಿಗೆ ತೆಗೆದುಕೊಂಡ.

"ಬರಲ್ಲ ಸಾರ್ ಅದು. ಬಿರುಕು ಮುಚ್ಚಿದೀನಿ, ಬೋಲ್ಟು ಹೊಸದು. ಸರಳು ಇದ್ರೂ ಅಷ್ಟೇ, ಇಲ್ದಿದ್ರೂ ಅಷ್ಟೇ."

"ಬೋಲ್ಟು ಸಡಿಲ ಮಾಡಿದರೆ?"

"ಟಕಟಕ ಅನ್ನುತ್ತೆ. ಗೊಣಗಲ್ಲ." ನಿಧಾನಪ್ಪ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದ. "ಕೆಟ್ಟದ್ದನ್ನ ಸರಿಮಾಡೋದು ಕಲ್ತಿದೀನಿ ಸಾರ್. ಸರಿ ಇರೋದನ್ನ ಹಿಂದಿನ ಹಾಗೇ ಕೆಡಿಸೋದು ಯಾರೂ ಕಲಿಸಿಲ್ಲ."

ಸರಳನ್ನು ಮತ್ತೆ ಹಾಕಲೇ ಎಂದು ಕೇಳಿದ. ಹಾಕಿ ಎಂದ ಅವನು. ಬಿಚ್ಚಿಟ್ಟುಕೊಂಡು ಮಾಡುವುದಾದರೂ ಏನು.

ಆ ರಾತ್ರಿ ಅಕ್ಕನಿಗೆ ಅವನೇ ಫೋನು ಮಾಡಿದ. ಅಂಥದ್ದು ನಡೆಯುವುದು ಅಪರೂಪ. ಅವಳು ಮೊದಲು ಕೇಳಿದ್ದು ಆರೋಗ್ಯವೇ ಎಂದು. ಅವನು ಎಲ್ಲ ಹೇಳಿದ, ಹೆಂಗಸು ಎಂಬುದನ್ನೂ. ಇರಲಾರದವನು ಇರುವೆ ಬಿಟ್ಟುಕೊಂಡ ಎಂದು ಬೈಯುತ್ತಾಳೆಂದು ಕಾದ. ಅಕ್ಕ ಬೈಯಲಿಲ್ಲ. ಅದರಿಂದ ಅವನಿಗೆ ಹೆಚ್ಚು ಭಯವಾಯಿತು. ಅವಳ ಹಿಂದೆ ಅವನದೇ ಹಳೆಯ ಗೋಡೆ ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. "ಕಾರಿನ ಹತ್ತಿರ ಹೋಗಿ ಏನು ಮಾಡ್ತೀಯೋ," ಎಂದಳು ಕೊನೆಗೆ, "ಆ ಹುಡುಗಿ ಹತ್ತಿರ ಹೋಗು."

ಮರುದಿನ ಕಾರನ್ನು ಮನೆಯ ಮುಂದೆಯೇ ಬಿಟ್ಟು ನಡೆದುಕೊಂಡು ನಿಲ್ದಾಣಕ್ಕೆ ಹೋದ. ಅವಳಿದ್ದಳು, ಪ್ಯಾಕಿಂಗಿನ ಗೆಳತಿಯೂ. ಅವನ ಹಿಂದೆ ಕಾರಿಗಾಗಿ ಕಣ್ಣಾಡಿಸಿದಳು.

"ಕಾರು ಕೆಟ್ಟಿದೆಯಾ?"

"ಇಲ್ಲ. ಚೆನ್ನಾಗಿದೆ."

ಬಸ್ಸು ಬಂತು. ಗೆಳತಿಯರಿಬ್ಬರೂ ಮುಂದೆ ಕೂತರು, ಅವನಿಗೆ ಹಿಂದಿನ ಬಾಗಿಲ ಬಳಿ ನಿಲ್ಲಲು ಜಾಗ ಸಿಕ್ಕಿತು. ಬಸ್ಸಿನಲ್ಲಿ ಸದ್ದು ಮಾಡದ ಭಾಗ ಇರಲಿಲ್ಲ. ಕಿಟಕಿಯ ಗಾಜುಗಳು, ಮೇಲಿನ ಹಿಡಿಕಂಬಿ, ಒಂದು ಸೀಟಿನ ಬೆನ್ನು, ನೆಲದ ತಗಡು, ಗೇರಿನ ಪೆಟ್ಟಿಗೆಯ ಆಳದಲ್ಲಿ ಏನೋ ಒಂದು ಬಹಳ ಕೆಟ್ಟದ್ದು. ಅವನು ಯಾವುದನ್ನೂ ಹೆಸರಿಸಲಿಲ್ಲ. ಜನರ ತಲೆಗಳ ನಡುವೆ ಅವಳ ಮುಖದ ಒಂದು ಪಕ್ಕ ಕಾಣುತ್ತಿತ್ತು. ಗೆಳತಿಗೆ ಏನೋ ಹೇಳುತ್ತಿದ್ದಳು, ಕೈ ಆಡಿಸುತ್ತಿದ್ದಳು, ಗೆಳತಿ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಊರಿಗೆಲ್ಲ ಕಿವಿಯಣ್ಣನಾದವನಿಗೆ ಅದರಲ್ಲಿ ಒಂದು ಅಕ್ಷರವೂ ಕೇಳಲಿಲ್ಲ.

ಗೇಟಿನಲ್ಲಿ ಇಳಿದ ಮೇಲೆ ಗೆಳತಿ ಮುಂದೆ ಹೋದಳು. ಅವಳು ಚೀಲ ಸರಿಮಾಡಿಕೊಳ್ಳುವ ನೆವದಲ್ಲಿ ನಿಂತಳು. ಅವನು ದಾರಿಯುದ್ದ ಹೊಂದಿಸಿಕೊಂಡಿದ್ದೆಲ್ಲ ಮರೆತುಹೋಗಿತ್ತು.

"ನಿಮಗೆ ಆ ಶಬ್ದ ಬೇಡ ಅಂದುಕೊಂಡೆ," ಎಂದ.

"ನನ್ನನ್ನ ಒಂದು ಮಾತು ಕೇಳಬಹುದಿತ್ತು."

ಅದು ದೂರಿನ ದನಿಯಾಗಿರಲಿಲ್ಲ. ಅವನು ತಲೆಯಾಡಿಸಿದ. ಅವರ ಸುತ್ತ ಜನ ಎರಡಾಗಿ ಹರಿದು ಮುಂದೆ ಮತ್ತೆ ಒಂದಾಗಿ ಗೇಟಿನೊಳಗೆ ಹೋಗುತ್ತಿದ್ದರು.

"ನಿಮ್ಮ ಮೇಲೆ ಕೋಪ ಅಂತಲ್ಲ," ಎಂದಳು. "ಆ ಕಾರಲ್ಲಿ ಈಗ ಸುಮ್ಮನಿದ್ರೆ ಸುಮ್ಮನಿದೀನಿ ಅಂತ ಗೊತ್ತಾಗುತ್ತೆ. ಒಂದು ಮನೆಯಲ್ಲಿ ಹಾಗೆ ಬಹಳ ವರ್ಷ ಕೂತಿದ್ದೆ. ಇನ್ನೊಂದು ಸಲ ಆಗಲ್ಲ. ಬಸ್ಸಲ್ಲಿ ಯಾರು ಸುಮ್ಮನಿದಾರೆ, ಯಾರು ಇಲ್ಲ, ಯಾರಿಗೂ ಗೊತ್ತಾಗಲ್ಲ."

ಅವನು ಕೇಳಬೇಕಾದದ್ದು ಬಹಳ ಇತ್ತು. ಬೆಕ್ಕಿನ ಮರಿಗಳು ಎಷ್ಟು, ಆ ಮನೆ ಎಂಥದು, ಅವಳ ತಲೆನೋವು ಈಗ ಹೇಗಿದೆ. ಕೇಳುವುದನ್ನೇ ಕಸುಬು ಮಾಡಿಕೊಂಡವನ ಬಾಯಿಂದ ಒಂದೇ ಪ್ರಶ್ನೆ ಹೊರಟಿತು, ಅದೂ ಬಸ್ ನಿಲ್ದಾಣದಲ್ಲಿ ಯಾರಾದರೂ ಯಾರನ್ನಾದರೂ ಕೇಳುವಂಥದ್ದು.

"ನಾಳೆ ಇದೇ ಬಸ್ಸಿಗೆ ಬರ್ತೀರಾ?"

"ಬರ್ತೀನಿ." ಅವಳು ಎರಡು ಹೆಜ್ಜೆ ಹೋಗಿ ತಿರುಗಿದಳು. "ಒಂದೊಂದು ದಿನ ಮುಂದಿನದಕ್ಕೆ."

ಮರುದಿನ ಅವನು ಬೇಗ ಬಂದು ನಿಂತ. ಪ್ಯಾಕಿಂಗಿನ ಗೆಳತಿ ಬಂದಳು, ಒಬ್ಬಳೇ. ಅವನನ್ನು ನೋಡಿ ಗುರುತು ಹಿಡಿದು, ಹೇಳಲೋ ಬೇಡವೋ ಎಂಬಂತೆ ನಿಂತು, ಬಸ್ಸು ಬಂದಾಗ ಹತ್ತಿ ಕೂತಳು. ಕಂಡಕ್ಟರು ಬಾಗಿಲಲ್ಲಿ ನೇತಾಡುತ್ತ ಅವನನ್ನು ನೋಡಿದ.

"ಹತ್ತುತ್ತೀರಾ?"

"ಮುಂದಿನದಕ್ಕೆ ಬರ್ತೀನಿ," ಎಂದ ಅವನು.

ಬಸ್ಸು ತನ್ನೆಲ್ಲ ತಗಡುಗಳನ್ನೂ ಅಲುಗಾಡಿಸುತ್ತ ಹೊರಟಿತು. ಅದು ತಿರುವು ದಾಟುವವರೆಗೆ ಕೇಳುತ್ತಿತ್ತು. ಆಮೇಲೆ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಅವಳು ಬರುವ ಬೀದಿ ಯಾವುದು ಎಂದು ತನಗೆ ಗೊತ್ತಿಲ್ಲವೆಂಬುದು ಅವನಿಗೆ ಆಗ ತಿಳಿಯಿತು. ಅವಳು ಯಾವಾಗಲೂ ಮೊದಲೇ ಬಂದು ನಿಂತಿರುತ್ತಿದ್ದಳು. ಎದುರಿಗೆ ಮೂರು ಬೀದಿಗಳು ಬಂದು ಕೂಡುತ್ತಿದ್ದವು. ಅವನು ಒಂದೊಂದನ್ನೇ ನೋಡುತ್ತ ನಿಂತ.